ಟ್ಯೂನಿಸಜ್ಜನ ಪೆಟ್ಟಿಗೆಯ ಹಲಗೆಗಳು

ಕ್ಯಾಟ್‌ಸ್ಕಿಲ್ ಬೆಟ್ಟದಲ್ಲಿ ಆ ಚಳಿಗಾಲ ಎಷ್ಟು ಹಿಮ ಬಿತ್ತೆಂದರೆ, ಕೋಳಿಗಳು ಹೊಗೆಗೂಡಿನ ತುದಿಯಲ್ಲಿ ಕೂತು ಮೊಟ್ಟೆಯಿಟ್ಟವಂತೆ, ಮೊಟ್ಟೆ ಕೆಳಗಿನ ಒಲೆ ಮುಟ್ಟುವಷ್ಟರಲ್ಲಿ ಬೆಂದೇ ಇರುತ್ತಿತ್ತಂತೆ. ಇದು ಮಲಕಿ ಟಿಯರ್ನನ್ ಹೇಳಿದ ಮಾತು. ಮಲಕಿಯ ಮಾತನ್ನು ಕ್ವಾರಿಯ ಜನ ಹೊಳೆಯ ನೀರಿನ ಹಾಗೆ ಸೋಸಿ ಕುಡಿಯುತ್ತಿದ್ದರು. ಆದರೆ ಹಿಮ ಬಿದ್ದದ್ದು ನಿಜ. ಏಪ್ರಿಲ್ ಬಂದದ್ದೇ ಅದೆಲ್ಲ ಒಟ್ಟಿಗೆ ಕರಗಿ, ಅದರ ಬೆನ್ನಿಗೆ ಮಳೆಯೂ ಹಿಡಿದುಕೊಂಡು, ಬೆಟ್ಟದ ಒಂದೊಂದು ಬಿರುಕಿನಿಂದಲೂ ನೀರು ಸುರಿದದ್ದು ನಿಜ. ಅಂಥ ಒಂದು ಬೆಳಿಗ್ಗೆ ಮಲಕಿಯ ತಮ್ಮ ಫಿಂಟನ್‌ನ ಕಾಲು ಬಂಡೆಯಡಿ ಸಿಕ್ಕಿಕೊಂಡದ್ದೂ ನಿಜ.

ಕ್ವಾರಿ ಅಣ್ಣತಮ್ಮಂದಿರದು, ನೆಲ ಟ್ಯೂನಿಸಜ್ಜನದು. ಟ್ಯೂನಿಸಜ್ಜ ಡಚ್ಚರವನು. ಅವನ ಮುತ್ತಾತಂದಿರು ಇಲ್ಲಿಗೆ ಬಂದಾಗ ಬೆಟ್ಟವಿನ್ನೂ ಮೊಣಕಾಲುದ್ದ ಇತ್ತು, ಅವರೇ ಹಾಲೆರೆದು ಬೆಳೆಸಿದರು ಎಂದು ಮಲಕಿ ಆಡಿಕೊಳ್ಳುತ್ತಿದ್ದ. ಈ ಅಣ್ಣತಮ್ಮಂದಿರ ಹಾಗೆ ಐರ್ಲೆಂಡಿನಿಂದ ಬಂದವರಿಗೆ ಬೆಟ್ಟದ ಮೇಲಿನ ಹುಲ್ಲು ಬೇಕಿರಲಿಲ್ಲ, ಒಳಗಿನ ನೀಲಿಕಲ್ಲು ಬೇಕಿತ್ತು. ನ್ಯೂಯಾರ್ಕಿನ ಬೀದಿಬದಿಯಲ್ಲಿ ಯಜಮಾನರೂ ಕಳ್ಳರೂ ಒಟ್ಟಿಗೆ ತುಳಿದು ನಡೆಯುವುದು ಇದೇ ಕಲ್ಲನ್ನು. ರೊಟ್ಟಿ ತಟ್ಟಿ ಒಂದರ ಮೇಲೊಂದು ಪೇರಿಸಿದ ಹಾಗೆ ಅದು ಪದರ ಪದರವಾಗಿ ಮಲಗಿರುತ್ತದೆ. ಪದರದಡಿ ಕೆಂಪು ಜೇಡಿಯ ಇನ್ನೊಂದು ಪದರ. ಒಣಗಿದಾಗ ಈ ಜೇಡಿ ಅತ್ತೆಯ ಮನಸ್ಸಿನ ಹಾಗೆ ಗಟ್ಟಿ, ನೆನೆದರೆ ಸಾಬೂನು. ಅಡಿಯ ಜೇಡಿಯನ್ನು ಕೆರೆದು ತೆಗೆದರೆ ಮೇಲಿನ ಕಲ್ಲು ಸಡಿಲವಾಗುತ್ತದೆ, ಆಮೇಲೆ ಬೆಣೆ ಹಾಕಿ ಎಬ್ಬಿಸಬೇಕು. ಎಬ್ಬಿಸಿದ ಚಪ್ಪಡಿಯ ಮೈಮೇಲೆ ಗಾಳಿಗೆ ಸುಕ್ಕಾದ ನೀರಿನ ಗೆರೆಗಳು ಹಾಗೆಯೇ ಇರುತ್ತವೆ. ಕೆಲವು ಸಲ ಈಗ ಎಲ್ಲೂ ಬೆಳೆಯದ ಯಾವುದೋ ಮರದ ಕಾಂಡದ ಅಚ್ಚೂ ಇರುತ್ತದೆ.

ತೀರಿಹೋದ ಅಪ್ಪ ಆ ಗೆರೆಗಳ ಮೇಲೆ ಕೈಯಾಡಿಸಿ ಹೇಳುತ್ತಿದ್ದ: "ಇದು ಕಲ್ಲಲ್ಲ ಮಕ್ಳಾ, ಮಲಗಿರೋ ನದಿ. ಮಲಗಿರೋರ ಬೆನ್ನ ಮೇಲೆ ಭಾರ ಹೇರಬಾರ್ದು. ಎಚ್ಚರ ಆದ್ರೆ ಮಗ್ಗುಲು ಬದಲಾಯಿಸ್ತಾರೆ."

ಅಂದರೆ ಕಸಗಲ್ಲನ್ನು ಬಂಡೆಯ ಬೆನ್ನ ಮೇಲೆ ಸುರಿಯಬೇಡಿ ಎಂದು. ಒಂದು ಒಳ್ಳೆಯ ಚಪ್ಪಡಿ ತೆಗೆಯುವಷ್ಟರಲ್ಲಿ ಅದರ ಹತ್ತುಪಟ್ಟು ಚೂರು, ಚಕ್ಕೆ, ಕೊಳೆತ ಕಲ್ಲು ಬರುತ್ತದೆ. ಅದನ್ನು ಕೈಗಾಡಿಯಲ್ಲಿ ತುಂಬಿ ಹಳ್ಳದವರೆಗೆ ತಳ್ಳಿ ಸುರಿದು ಬರಬೇಕು. ಬೆವರು ಹರಿಯುತ್ತದೆ, ಮಾರುವ ಕಲ್ಲು ಒಂದು ಅಂಗುಲವೂ ಹೆಚ್ಚಾಗುವುದಿಲ್ಲ. ಅದಕ್ಕೇ ಕ್ವಾರಿಯವರೆಲ್ಲ ಜೀವನದಲ್ಲಿ ಒಮ್ಮೆಯಾದರೂ ಮಾಡುವ ತಪ್ಪೆಂದರೆ ಕಸಗಲ್ಲನ್ನು ಹತ್ತಿರದಲ್ಲೇ, ಇನ್ನೂ ತೆಗೆಯದ ಬಂಡೆಯ ಮೇಲೆಯೇ ಗುಡ್ಡೆ ಹಾಕುವುದು. ಈ ಚಳಿಗಾಲ ಹಳ್ಳದ ದಾರಿ ಹಿಮದಲ್ಲಿ ಮುಚ್ಚಿಹೋಗಿತ್ತು. ಮಲಕಿ ಗುಡ್ಡೆ ಹಾಕಿದ. ಹಿಮ ಕರಗಿದ ಮೇಲೆ ತೆಗೀತೀನಿ ಎಂದ. ಹಿಮ ಕರಗಿತು, ನಾಳೆ ತೆಗೀತೀನಿ ಎಂದ. ಹೀಗೆ ಗುಡ್ಡೆ ಚರ್ಚಿನ ಮಾಡಿಗಿಂತ ಎತ್ತರವಾಯಿತು.

ಆ ಬೆಳಿಗ್ಗೆ ಫಿಂಟನ್ ಬಂಡೆಯ ಅಡಿಗೆ ಉದ್ದನೆಯ ಕಬ್ಬಿಣದ ಕೆರೆಗೋಲು ಹಾಕಿ ಜೇಡಿ ಕೆರೆಯುತ್ತಿದ್ದ. ಮಲಕಿ ಸ್ವಲ್ಪ ದೂರದಲ್ಲಿ ಕುಲುಮೆಯ ಮುಂದೆ ಉಳಿ ಕಾಯಿಸುತ್ತಿದ್ದ. ಅವರ ಜೊತೆಗಾರ ಡಾರ್ಬಿ ಗುಂಡಿಯ ನೀರನ್ನು ಕೈಪಂಪಿನಿಂದ ಹೊರಗೆ ಹಾಕುತ್ತಿದ್ದ. ಮೊದಲು ದೊಡ್ಡ ಸದ್ದೇನೂ ಆಗಲಿಲ್ಲ. ದನ ಉಸಿರು ಬಿಟ್ಟಂತೆ ಒಂದು ಉಸಿರು ಕೇಳಿಸಿತು. ಆಮೇಲೆ ಗುಡ್ಡೆ ಹೊತ್ತಿದ್ದ ಇಡೀ ಮೇಲ್ಬಂಡೆ ಒದ್ದೆ ಜೇಡಿಯ ಮೇಲೆ ಜಾರಿ ಒಂದು ಮೊಳ ಮುಂದೆ ಬಂದು ಮೂಗು ಬಗ್ಗಿಸಿ ಕೂತಿತು. ಕೈಪಂಪು ಅದರಡಿ ಚಪ್ಪಟೆಯಾಯಿತು. ಡಾರ್ಬಿ ಹಿಂದಕ್ಕೆ ಹಾರಿ ಬಿದ್ದ. ಫಿಂಟನ್ ಹೊರಗೆ ಉರುಳಿದ್ದ, ಆದರೆ ಇಡಿಯಾಗಿ ಅಲ್ಲ.

"ಅಣ್ಣ, ಎಡಗಾಲು ಬರ್ತಾ ಇಲ್ಲ" ಎಂದ, ಬಾಗಿಲಿಗೆ ಅಂಗಿ ಸಿಕ್ಕಿಕೊಂಡವನ ಹಾಗೆ.

ಮಲಕಿ ಅವನ ಕಂಕುಳಿಗೆ ಕೈ ಹಾಕಿ ಎಳೆದ. ಫಿಂಟನ್‌ನ ಮುಖ ಸುಣ್ಣವಾಯಿತು.

"ಎಳೀಬೇಡ್ವೋ. ಅದು ಕಾಲು, ಹಸು ಬಾಲ ಅಲ್ಲ."

ಹಾರೆ ಹಾಕಿದರು. ಹಾರೆ ಕಬ್ಬಿನ ಜಲ್ಲೆಯ ಹಾಗೆ ಬಾಗಿತು. ತಿರುಗಿಸಿ ಎತ್ತುವ ಜ್ಯಾಕು ತಂದು ಇಟ್ಟರು. ಬಂಡೆ ಮೇಲೇಳುವ ಬದಲು ಜ್ಯಾಕೇ ಜೇಡಿಯೊಳಗೆ ಮುಳುಗುತ್ತಾ ಹೋಯಿತು. ಕಬ್ಬಿಣದ ಬೆಣೆಗೆ ಸುತ್ತಿಗೆಯಿಂದ ಒಂದು ಏಟು ಕೊಟ್ಟರು. ಆ ಅದುರಿಗೆ ಮೇಲಿನ ಗುಡ್ಡೆಯಿಂದ ಕಲ್ಲುಗಳು ಉರುಳಿ ಬಂದವು, ಬಂಡೆ ಇನ್ನೊಂದು ಕೂದಲೆಳೆಯಷ್ಟು ಕೆಳಗೆ ಬಂತು, ಫಿಂಟನ್ ತನ್ನ ತೋಳನ್ನೇ ಕಚ್ಚಿಕೊಂಡ. ಸುತ್ತಿಗೆ ಎಸೆದರು. ಮಲಕಿ ಮೇಲೆ ಹತ್ತಿ ಬರಿಗೈಯಲ್ಲಿ ಗುಡ್ಡೆಯ ಕಲ್ಲುಗಳನ್ನು ಕಿತ್ತು ಎಸೆಯತೊಡಗಿದ. ಉಗುರು ಕಿತ್ತುಬಂದರೂ ಅವನಿಗೆ ಗೊತ್ತಾಗಲಿಲ್ಲ. ಒಂದು ಬದಿ ಹಗುರಾದದ್ದೇ ಬಂಡೆ ತಕ್ಕಡಿಯ ಹಾಗೆ ಇನ್ನೊಂದು ಬದಿಗೆ ವಾಲಿತು.

"ಮುಟ್ಬೇಡ ಮಲಕಿ" ಎಂದು ಕೆಳಗಿನಿಂದ ಡಾರ್ಬಿ ಕೂಗಿದ. "ನೀನು ತೆಗೆದಷ್ಟೂ ಇವನ ಕಾಲಿನ ಮೇಲೆ ಕೂರ್ತಿದೆ."

ಇಷ್ಟು ದಿನ ತೆಗೆಯಬೇಕಾಗಿದ್ದ ಗುಡ್ಡೆಯನ್ನು ಈಗ ತೆಗೆಯುವಂತೆಯೂ ಇರಲಿಲ್ಲ. ಮಲಕಿ ಕೈಯಲ್ಲಿದ್ದ ಕಲ್ಲನ್ನು ಮಗು ಮಲಗಿಸುವ ಹಾಗೆ ವಾಪಸ್ಸು ಇಟ್ಟು ಕೆಳಗಿಳಿದ.

ಅಷ್ಟರಲ್ಲಿ ನೀರು ತನ್ನ ಕೆಲಸ ಶುರುಮಾಡಿತ್ತು. ಪಂಪು ಹೋದ ಮೇಲೆ ಗುಂಡಿಯನ್ನು ಕೇಳುವವರಿರಲಿಲ್ಲ. ಬೆಟ್ಟದ ಬಿರುಕುಗಳಿಂದ, ಜೇಡಿಯ ಪದರದಿಂದ, ಬಂಡೆಯ ಹಿಂದಿನಿಂದ ಸದ್ದಿಲ್ಲದೆ ಬಂದು ಸೇರುತ್ತಿತ್ತು. ಫಿಂಟನ್‌ನ ಕಾಲು ನೆಲಮಟ್ಟದಲ್ಲೇ ಬಂಡೆಯಡಿಗೆ ಚಾಚಿ ಸಿಕ್ಕಿಕೊಂಡಿದ್ದರಿಂದ ಅವನು ಕೂರಬಹುದಿತ್ತು, ಏಳುವ ಹಾಗಿರಲಿಲ್ಲ. ಅವನ ತೊಡೆ ಆಗಲೇ ಮುಳುಗಿತ್ತು. ಸುತ್ತಲ ಕ್ವಾರಿಗಳಿಂದ ಓಡಿಬಂದವರು ಬಕೆಟ್ಟು, ಹಾಲಿನ ಡಬ್ಬ, ಟೋಪಿ, ಸಿಕ್ಕಿದ್ದರಲ್ಲಿ ನೀರು ಎತ್ತಿ ಹಾಕಿದರು. ಒಂದು ಬಕೆಟ್ಟು ಹೊರಗೆ ಹೋದರೆ ಒಂದೂವರೆ ಒಳಗೆ ಬರುತ್ತಿತ್ತು. ಡಾಕ್ಟರು ಇದ್ದದ್ದು ಕೆಳಗೆ ಹಡ್ಸನ್ ನದಿಯ ದಡದ ಊರಿನಲ್ಲಿ. ಕರೆತರಲು ಒಬ್ಬ ಕುದುರೆ ಹತ್ತಿ ಹೋಗಿದ್ದ. ಈ ಕೆಸರಲ್ಲಿ ಅವನು ಸಂಜೆಗೆ ಮೊದಲು ಮರಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಫಿಂಟನ್ ನೀರು ನೋಡಿದ, ಅಣ್ಣನ ಮುಖ ನೋಡಿದ.

"ಕೊಡಲಿ ತಗೊಂಡ್ ಬಾ."

"ಸುಮ್ನಿರು."

"ಅಣ್ಣ, ಮೊಣಕಾಲಿಂದ ಕೆಳಗೆ ಏನೂ ಗೊತ್ತಾಗ್ತಿಲ್ಲ. ನೀನು ಸೌದೆ ಸೀಳ್ತೀಯಲ್ಲ, ಹಾಗೆ. ಒಂದೇ ಏಟು."

"ನಾನು ಸೌದೆ ಸೀಳಿದ್ದು ಯಾವತ್ತು ಒಂದೇ ಏಟಿಗಾಗಿದೆ?"

ಬಕೆಟ್ಟಿನವರಲ್ಲಿ ಒಬ್ಬ ನಕ್ಕುಬಿಟ್ಟ, ಆಮೇಲೆ ನಾಚಿಕೊಂಡ. ಆದರೆ ಡಾರ್ಬಿ ಹೋಗಿ ಕೊಡಲಿ ತಂದು, ಕಾಣದ ಹಾಗೆ ಕಲ್ಲಿನ ಹಿಂದೆ ಇಟ್ಟಿದ್ದನ್ನು ಮಲಕಿ ನೋಡಿದ. ನೀರು ಕುತ್ತಿಗೆಗೆ ಬಂದರೆ ಆ ಕೊಡಲಿ ಎತ್ತಬೇಕಾದವನು ತಾನೇ. ಮುಳುಗಿದ ಕಾಲನ್ನು ನೀರೊಳಗೆ ಕಾಣದೆ ಕಡಿಯುವುದು ಹೇಗೆ? ರಕ್ತ ನಿಲ್ಲಿಸುವವರು ಯಾರು? ಈಗಲೇ ಕಡಿಯಬೇಕು, ಇಲ್ಲವೇ ಕಡಿಯುವುದೇ ಬೇಡ.

ಆಗ ಫಿಂಟನ್‌ನ ಹೆಂಡತಿ ನೋರಾ ಬಂದಳು. ತೋಳಿಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದಿದ್ದಳು. ಅಳಲಿಲ್ಲ. ಲಂಗ ಎತ್ತಿ ಕಟ್ಟಿ ನೀರಿಗಿಳಿದು, ಗಂಡನ ಹಿಂದೆ ಕೂತು ಅವನ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡು, ಭಾವ ಮಲಕಿಯ ಕಡೆ ನೋಡಿದಳು, ಹೆದರದೆ.

"ಬೆಣೆ ಹಾಕಿದ್ರಾ ಭಾವ?"

"ಸುತ್ತಿಗೆ ಏಟಿಗೆ ಬಂಡೆ ಕೂರ್ತದೆ, ನೋರಾ."

"ಕಬ್ಬಿಣದ್ದಲ್ಲ. ಮರದ್ದು. ಏಟೇ ಬೇಡ, ಮೆಲ್ಲಗೆ ತುರುಕಿದ್ರೆ ಸಾಕು. ಊದ್ಕೊಂಡು ಎತ್ತತ್ತೆ. ನೀರಂತೂ ಬೇಕಾದಷ್ಟಿದೆ."

ಒಣ ಮರದ ಬೆಣೆಯನ್ನು ಸಂದಿಗೆ ತುಂಬಿ ನೀರು ಕುಡಿಸಿ ಕಲ್ಲು ಬಿಡಿಸುವುದು ಅಜ್ಜಂದಿರ ಕಾಲದ ಕೆಲಸ. ಸಿಡಿಮದ್ದು ಬಂದ ಮೇಲೆ ಗಂಡಸರು ಅದನ್ನು ಮರೆತಿದ್ದರು. ಬೆಣೆಗಳನ್ನು ರೊಟ್ಟಿ ಒಲೆಯ ಬಿಸಿಯಲ್ಲಿ ಒಣಗಿಸಿ ಕೊಡುತ್ತಿದ್ದ ಹೆಂಗಸರು ಮರೆತಿರಲಿಲ್ಲ.

"ಬೆಣೆ ಇದಾವೆ, ಕೊಟ್ಟಿಗೆಲಿ" ಎಂದ ಡಾರ್ಬಿ.

"ಆ ಕೊಟ್ಟಿಗೆ ಸೋರಿ ತಿಂಗಳಾಯ್ತು. ಅವು ಕುಡಿಯೋಷ್ಟು ಕುಡಿದು ಮತ್ತೇರಿ ಮಲಗಿದಾವೆ, ನಿನ್ನ ಹಾಗೆ" ಎಂದಳು ನೋರಾ. "ಒಣಗಿದ್ದು ಬೇಕು. ಮೂಳೆ ಥರ ಒಣಗಿದ್ದು."

ಒಣಗಿದ ಮರ ಎಲ್ಲಿತ್ತು? ಅಂಥ ಚಳಿಗಾಲದಲ್ಲಿ ಜನ ಬೇಲಿ ಸುಟ್ಟಿದ್ದರು, ಕುರ್ಚಿ ಸುಟ್ಟಿದ್ದರು. ಡಾರ್ಬಿ ತನ್ನ ಪಿಟೀಲು ಸುಟ್ಟಿದ್ದ, ನೆರೆಯವರು ಅದಕ್ಕೆ ದೇವರಿಗೆ ಮೇಣದ ಬತ್ತಿ ಹಚ್ಚಿದ್ದರು. ಉಳಿದದ್ದೆಲ್ಲ ತೇವ ಹಿಡಿದ ಹಸಿಮರ. ಯಾರೂ ಹೇಳದ ಒಂದು ಹೆಸರು ಎಲ್ಲರ ಬಾಯಲ್ಲೂ ಇತ್ತು. ಬೆಟ್ಟದಲ್ಲಿ ಮೂಳೆಯ ಹಾಗೆ ಒಣಗಿದ ಮರ ಇದ್ದದ್ದು ಒಂದೇ ಕಡೆ: ಟ್ಯೂನಿಸಜ್ಜನ ಅಟ್ಟದ ಮೇಲೆ, ಹೊಗೆಗೂಡಿನ ಪಕ್ಕದಲ್ಲಿ. ಹಳೇ ಡಚ್ಚರ ಪದ್ಧತಿ ಅದು. ತಮ್ಮ ಶವಪೆಟ್ಟಿಗೆಯ ಹಲಗೆಯನ್ನು ತಾವೇ ಕೊಯ್ಸಿ, ಅಟ್ಟದಲ್ಲಿಟ್ಟು, ಅದರ ಕೆಳಗೇ ಉಂಡು ಮಲಗಿ ಕಾಲ ಕಳೆಯುವುದು.

ಮಲಕಿ ಓಡಿದ. ಕೆಸರಲ್ಲಿ ಒಂದು ಬೂಟು ಕಳಚಿ ಉಳಿಯಿತು, ತಿರುಗಿ ನೋಡಲಿಲ್ಲ.

ಟ್ಯೂನಿಸಜ್ಜ ಜೋಳದ ಅಂಬಲಿಗೆ ಹಾಲು ಹಾಕಿಕೊಂಡು ಕುಡಿಯುತ್ತಿದ್ದ. ಬಾಗಿಲಲ್ಲಿ ಕೆಸರಿನ ಮುದ್ದೆಯಾಗಿ ನಿಂತವನನ್ನು ನೋಡಿ ಚಮಚ ಕೆಳಗಿಡಲಿಲ್ಲ.

"ಏನೋ ಮಲಕಿ, ಇವತ್ತು ಕಲ್ಲೊಳಗಿಂದ ಏನ್ ಬಂತು? ತಿಮಿಂಗಿಲಾನಾ?"

"ಅಜ್ಜ, ನಿಮ್ಮ ಹಲಗೆ ಬೇಕು."

"ಯಾವ ಹಲಗೆ?"

ಮಲಕಿ ಅಟ್ಟದ ಕಡೆ ನೋಡಿದ. ಮುದುಕ ಈಗ ಚಮಚ ಇಟ್ಟ.

"ಫಿಂಟನ್ ಕಾಲು ಬಂಡೆ ಕೆಳಗೆ ಸಿಕ್ಕಿದೆ. ಗುಂಡಿ ತುಂಬ್ತಾ ಇದೆ. ನಾನು ಬರೋವಾಗ ಸೊಂಟಕ್ಕೆ ಬಂದಿತ್ತು."

"ಬಾಯಿ ತೆಗೆದ್ರೆ ಸುಳ್ಳು ನೀನು. ಮೊನ್ನೆ ಚಪ್ಪಡಿ ಒಡೆದ್ರೆ ಒಳಗೆ ಮೀನು ಕೂತ್ಕೊಂಡು ಕೆಮ್ತಾ ಇತ್ತು ಅಂದೆ."

"ಅದು ಸುಳ್ಳು ಅಜ್ಜ. ಇದು ನಿಜ."

ಮುದುಕ ಅವನ ಕೈ ನೋಡಿದ. ಬೆರಳ ತುದಿಯಲ್ಲಿ ಉಗುರಿರಬೇಕಾದ ಕಡೆ ಮಾಂಸವಿತ್ತು.

"ಯಾವ ಬಂಡೆ?"

"ಮೇಲ್ಬಂಡೆ."

"ಗುಡ್ಡೆ ಹಾಕಿದ್ಯಲ್ಲ, ಅದರಡಿದಾ?"

ಮಲಕಿ ತಲೆಯಾಡಿಸಿದ.

"ತೆಗಿ ಅಂದಿದ್ದೆ."

"ಅಂದಿದ್ರಿ."

"ನಾಳೆ ಅಂದೆ ನೀನು."

"ಅಂದಿದ್ದೆ."

ಮುದುಕ ಅಂಬಲಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಇಷ್ಟು ಹೊತ್ತಿಗೆ ನೀರು ಎಷ್ಟು ಏರಿರಬಹುದು ಎಂದು ಮಲಕಿಯ ತಲೆ ತಾನಾಗಿ ಅಳೆಯುತ್ತಿತ್ತು.

"ಆ ಚೆರ್ರಿ ಮರ ಈ ಬಾಗಿಲ ಮುಂದೇ ಇತ್ತು" ಎಂದ ಮುದುಕ. "ಸಿಡಿಲು ಬಡಿದ ಮೇಲೆ ಕೊಯ್ಸಿದೆ. ಅರ್ಧ ಮರದಲ್ಲಿ ನನ್ನ ಕತ್ರೀನಾ ಮಲಗಿದಾಳೆ. ಇದು ನನ್ನರ್ಧ. ಅಲ್ಲಿ ಹೋಗಿ ಪಕ್ಕದಲ್ಲಿ ಮಲಗಿದ್ರೆ ಮರ ಮತ್ತೆ ಒಂದಾಗ್ತದೆ ಅಂತ ನಾವು ಮಾತಾಡ್ಕೊಂಡಿದ್ವಿ. ಬೇರೆ ಮರ ಇಲ್ಲವೇನೋ?"

"ಇದ್ದಿದ್ರೆ ನಿಮ್ಮ ಮುಖ ನೋಡೋಕೆ ಬರ್ತಿದ್ನಾ ಅಜ್ಜ?"

ಹೇಳಿದ ಮೇಲೆ ಮಲಕಿಗೆ ತನ್ನ ನಾಲಿಗೆಯ ಮೇಲೆ ಸಿಟ್ಟು ಬಂತು. ಮಂಡಿ ಊರಿ ಕೂತುಬಿಟ್ಟ. ಪಾದ್ರಿಯ ಮುಂದೆಯೂ ಅವನು ಅಷ್ಟು ಸರಾಗವಾಗಿ ಕೂತವನಲ್ಲ.

"ಏಳೋ" ಎಂದ ಮುದುಕ. "ನೀನು ಮಂಡಿ ಊರಿ ಕೂತ್ರೆ ಅಟ್ಟ ಹತ್ತೋರ್ಯಾರು? ನನ್ ಮಂಡಿ ಹೋಗಿ ಎಷ್ಟೋ ಕಾಲ ಆಯ್ತು."

ಹಲಗೆಗಳ ಹಿಂದೆ ಒಂದು ಸಣ್ಣ ಪೀಪಾಯಿಯಿತ್ತು, ಸಾವಿನೂಟಕ್ಕೆಂದು ತೆಗೆದಿಟ್ಟ ವೈನು. ಅದನ್ನೂ ಇಳಿಸು ಎಂದ ಮುದುಕ. ಪೆಟ್ಟಿಗೆಯೇ ಇಲ್ಲದ ಮೇಲೆ ಊಟ ಎಲ್ಲಿಯದು. ತನ್ನ ಎತ್ತುಗಳನ್ನು ತಾನೇ ಹೂಡಿ, ದಾರಿಯುದ್ದಕ್ಕೂ ಮಲಕಿಯನ್ನೂ ಎತ್ತುಗಳನ್ನೂ ಒಂದೇ ಬೈಗುಳದಲ್ಲಿ ಬೈಯುತ್ತಾ ಕ್ವಾರಿಗೆ ಬಂದ. ಆ ಎತ್ತುಗಳು ಅವತ್ತು ಓಡಿದ ಓಟಕ್ಕೆ ಅವುಗಳ ನೆರಳು ಹಿಂದೆ ಬಿದ್ದು, ಮರುದಿನ ಬಂದು ಸೇರಿಕೊಂಡಿತಂತೆ.

ನೀರು ಫಿಂಟನ್‌ನ ಎದೆಗೆ ಬಂದಿತ್ತು. ಅವನ ತುಟಿ ಆ ಕಲ್ಲಿನದೇ ಬಣ್ಣಕ್ಕೆ ತಿರುಗಿತ್ತು. ಕಾಲು ಸಿಕ್ಕಿಕೊಂಡ ಕಡೆ ನೆಲ ಉಬ್ಬಾಗಿತ್ತು. ಎರಡೂ ಪಕ್ಕದಲ್ಲಿ ಬಂಡೆಗೂ ನೆಲಕ್ಕೂ ನಡುವೆ ಒಂದು ಗೇಣು ಸಂದಿಯಿತ್ತು. ಡಾರ್ಬಿ ಗರಗಸ ಹಿಡಿದು ಹಲಗೆಯ ಮೇಲೆ ಬಗ್ಗಿದವನು ತಡೆದು ಮುದುಕನ ಮುಖ ನೋಡಿದ.

"ನನ್ ಮುಖ ಏನ್ ನೋಡ್ತೀಯ, ಕೊಯ್ಯೋ" ಎಂದ ಟ್ಯೂನಿಸಜ್ಜ. "ಅಡ್ಡ ಮಲಗಿಸ್ಬೇಡಿ. ಹಲಗೆ ದಪ್ಪಕ್ಕೆ ಊದೋದಿಲ್ಲ, ಅಗಲಕ್ಕೆ ಊದ್ತದೆ. ಅಗಲ ಮೇಲ್ಮುಖ ಮಾಡಿ ನಿಲ್ಸಿ, ಒತ್ತೊತ್ತಾಗಿ ತುಂಬಿ. ಅಲ್ಲೊಂದು ಗಂಟಿದೆ, ಅದು ಬೇಡ. ಗಂಟು ಐರಿಷ್‌ನವರ ಹಾಗೆ, ನೀರು ಇಳಿಯಲ್ಲ."

"ನಮಗೆ ನೀರು ಇಳಿಯಲ್ಲ, ನಿಜ. ಬೇರೆ ಎಲ್ಲ ಇಳೀತದೆ" ಎಂದ ಫಿಂಟನ್, ಹಲ್ಲು ಕಟಕಟ ಎನ್ನುತ್ತಾ. ಅವನಿಗೆ ಸಾವಿನೂಟದ ವೈನು ಕುಡಿಸಿದರು.

ಗರಗಸ ಹಾಕಿದಾಗ ಅಷ್ಟು ವರ್ಷದ ಹಲಗೆಯಿಂದ ಹಣ್ಣಿನ ವಾಸನೆ ಎದ್ದಿತು. ಮುದುಕ ಮುಖ ತಿರುಗಿಸಿಕೊಂಡ. ತುಂಡುಗಳನ್ನು ಮಲಕಿ ನೀರೊಳಗೆ ಮುಳುಗಿ, ಕೈಯಲ್ಲಿ ತಡಕಿ, ಸಂದಿಯಲ್ಲಿ ಒಂದರ ಪಕ್ಕ ಒಂದನ್ನು ನಿಲ್ಲಿಸಿ, ಅಂಗೈಯಿಂದ ಗುದ್ದಿ ಬಿಗಿ ಮಾಡಿದ. ಕೊನೆಯ ತುಂಡು ಕೂತ ಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಕೈತುಂಬ ಕೆಲಸವಿದ್ದಾಗ ಹೆದರಿಕೆ ಹೊರಗೆ ನಿಂತಿರುತ್ತದೆ, ಕೈ ಖಾಲಿಯಾದ ಕೂಡಲೇ ಒಳಗೆ ಬಂದು ಕುರ್ಚಿ ಎಳೆದು ಕೂರುತ್ತದೆ. ಈಗ ನೀರು ಎರಡು ಕಡೆ ಏರುತ್ತಿತ್ತು: ಫಿಂಟನ್‌ನ ಮೈಮೇಲೆ ಒಂದು, ಹಲಗೆಯ ಎಳೆಯೊಳಗೆ ಒಂದು. ಯಾವುದು ಮೊದಲು ಮುಟ್ಟುತ್ತದೋ. ಬಿಸಿನೀರಾದರೆ ಮರ ಬೇಗ ಕುಡಿಯುತ್ತದೆ ಎಂದು ನೋರಾ ಹೇಳಿದಳು. ಕುಲುಮೆಯ ಕಲ್ಲಿದ್ದಲ ಮೇಲೆ ಬೆಟ್ಟದ ಕೆಟಲುಗಳೆಲ್ಲ ಬಂದು ಕೂತವು. ಒಂದು ಸಾಲು ತಣ್ಣೀರು ಎತ್ತಿ ಹೊರಗೆ ಹಾಕುತ್ತಿತ್ತು, ಇನ್ನೊಂದು ಸಾಲು ಬಿಸಿನೀರು ತಂದು ಹಲಗೆಯಿದ್ದ ಕಡೆ ಸುರಿಯುತ್ತಿತ್ತು. ಸ್ವರ್ಗದಿಂದ ನೋಡುವವರಿಗೆ ಇವರೆಲ್ಲ ಸೇರಿ ಬೆಟ್ಟಕ್ಕೆ ಸ್ನಾನ ಮಾಡಿಸುತ್ತಿದ್ದಾರೆ ಅನಿಸಿರಬೇಕು.

ಬಂಡೆ ಅಲುಗಲಿಲ್ಲ. ನೀರು ಹೆಗಲಿಗೆ ಬಂತು.

"ಅಣ್ಣ, ಏನಾದ್ರೂ ಹೇಳು" ಎಂದ ಫಿಂಟನ್.

ಮಲಕಿ ಬಾಯಿ ತೆರೆದ. ಹುಟ್ಟಿದಾಗಿನಿಂದ ಬತ್ತದ ಬಾವಿ ಅವತ್ತು ಬತ್ತಿಹೋಗಿತ್ತು.

"ಗುಡ್ಡೆ ಹಾಕಿದ್ದು ನಾನು."

"ಗೊತ್ತು ಬಿಡೋ. ಅದು ನಿಜ. ನಿಜ ಯಾರಿಗ್ ಬೇಕು ಈಗ? ಕತೆ ಹೇಳು."

ಮಲಕಿ ನೀರಿನಲ್ಲಿ ತಮ್ಮನ ಎದುರು ಕೂತು ಅವನ ಗಲ್ಲದ ಕೆಳಗೆ ಕೈಯಿಟ್ಟು ಶುರುಮಾಡಿದ.

"ಈ ನದಿ ಎದ್ದು ಓಡಾಡ್ತಿದ್ದ ಕಾಲದಲ್ಲಿ ಇಲ್ಲಿ ಒಂದು ಮೀನಿತ್ತು. ತಲೆಗೆ ಕಬ್ಬಿಣದ ಟೋಪಿ. ಮಹಾ ಜಂಬ. ಆಗ ನೆಲದ ಮೇಲೆ ಯಾರೂ ಇರ್ಲಿಲ್ಲ, ಡಚ್ಚರೂ ಇರ್ಲಿಲ್ಲ."

"ನಾವಿದ್ವಿ" ಎಂದ ಟ್ಯೂನಿಸಜ್ಜ ಮೇಲಿನಿಂದ.

"ಇದ್ರಂತೆ, ಮರದ ಮೇಲೆ. ಒಂದಿನ ಆ ಮೀನಿಗೆ ನೀರು ಬೇಜಾರಾಯ್ತು. ಎಲ್ಲಿ ನೋಡಿದ್ರೂ ಒದ್ದೆ. ದಡಕ್ಕೆ ಹೋಗ್ತೀನಿ ಅಂತು. ಅದರ ಹೆಂಡ್ತಿ, ಕಾಲಿಲ್ಲದೆ ಹೆಂಗೆ ಹೋಗ್ತೀಯೋ ಮುಠ್ಠಾಳ ಅಂದ್ಲು. ಅವಳು ನೋರಾ ಥರ."

ನೋರಾ ನಗಲಿಲ್ಲ. ಅವಳ ಕಣ್ಣು ನೀರಿನ ಅಂಚಿನ ಮೇಲಿತ್ತು. ಅಂಚು ಮಲಕಿಯ ಕೈಗೆ ತಾಗಿತು.

"ಆಮೇಲೆ?"

"ಆಮೇಲೆ ಅದು ಹಟ ಹಿಡಿದು ಒಂದು ಕಾಲು ಬೆಳೆಸ್ತು. ಒಂದೇ ಒಂದು. ಇನ್ನೊಂದಕ್ಕೆ ತಾಳ್ಮೆ ಇರ್ಲಿಲ್ಲ. ಆ ಒಂದೇ ಕಾಲು ಊರ್ಕೊಂಡು..."

ಆಗ ಬಂಡೆಯೊಳಗಿಂದ ಸದ್ದು ಬಂತು. ಟಿಕ್, ಎಂದು. ಗಡಿಯಾರಕ್ಕೆ ಕೀ ಕೊಟ್ಟ ಹಾಗೆ. ಬಕೆಟ್ಟುಗಳು ನಿಂತವು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಒಂದು ಟಿಕ್.

"ನಿಲ್ಸಬೇಡ್ರೋ, ನೀರು ಎತ್ರೋ" ಎಂದ ಟ್ಯೂನಿಸಜ್ಜ.

ಮಲಕಿ ಮುಳುಗಿ ತಡಕಿದ. ಬೂಟು ಇನ್ನೂ ಬಿಗಿಯಾಗಿತ್ತು. ಮೇಲೆ ಬಂದಾಗ ನೀರು ಫಿಂಟನ್‌ನ ಕೆಳತುಟಿಗೆ ಬಂದಿತ್ತು. ತಲೆ ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತಾ ಮೂಗಿನಲ್ಲಿ ಉಸಿರಾಡುತ್ತಿದ್ದ. ನೋರಾ ಅವನ ತಲೆಯನ್ನು ಎರಡೂ ಕೈಯಲ್ಲಿ ತುಂಬಿದ ಬಟ್ಟಲಿನ ಹಾಗೆ ಎತ್ತಿ ಹಿಡಿದಿದ್ದಳು. ಡಾರ್ಬಿ ಕಲ್ಲಿನ ಹಿಂದಿನಿಂದ ಕೊಡಲಿ ತಂದು ಮಲಕಿಯ ಮುಂದೆ ಚಾಚಿದ. ಮಲಕಿ ಅದನ್ನು ಸರಿಸಿ, "ಚಾಕು" ಎಂದ.

ಎರಡನೆಯ ಸಲ ಮುಳುಗಿದ. ಕೆಂಪು ನೀರಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಕೈಗೆ ಸಿಕ್ಕ ಹಲಗೆಗಳು ಬೆಣ್ಣೆಯಂತೆ ನುಣ್ಣಗೆ ಊದಿಕೊಂಡಿದ್ದವು, ಒಂದಕ್ಕೊಂದು ಒತ್ತಿ ಗೋಡೆಯಾಗಿದ್ದವು. ಬೂಟಿನ ಮೇಲೆ ಬೆರಳು ತೂರಿಸಿ ನೋಡಿದ. ಬೆಳಿಗ್ಗೆ ಹುಲ್ಲುಕಡ್ಡಿಗೂ ಜಾಗವಿರಲಿಲ್ಲ. ಈಗ ಕಿರುಬೆರಳು ಹೋಯಿತು. ಬೂಟಿನ ದಾರ ಕತ್ತರಿಸಿದ, ಹಿಮ್ಮಡಿಯಿಂದ ಮೇಲಕ್ಕೆ ಚರ್ಮ ಸೀಳಿದ, ತಮ್ಮನ ಕಾಲಿಗೂ ಚಾಕು ತಾಗಿರಬೇಕು, ಆಗ ಅದನ್ನು ಯೋಚಿಸುವಷ್ಟು ಉಸಿರಿರಲಿಲ್ಲ. ಎರಡೂ ಕೈಯಲ್ಲಿ ಮೀನಗಂಡ ಹಿಡಿದು, ಬಂಡೆಗೆ ತನ್ನ ಪಾದ ಒತ್ತಿ, ಎಳೆದ. ಬರಲಿಲ್ಲ. ತಲೆಯ ಮೇಲೆ ನೀರಿನಾಚೆ ನೋರಾ ಏನೋ ಕೂಗುತ್ತಿದ್ದಳು. ಫಿಂಟನ್‌ನ ಮೈ ಒಮ್ಮೆ ಒದ್ದಾಡಿತು, ಎಂದರೆ ಮೂಗೂ ಮುಳುಗಿದೆ. ಮಲಕಿ ಹಲ್ಲು ಕಚ್ಚಿ, ಅಪ್ಪನನ್ನು ನೆನೆದು, ಗುಡ್ಡೆಯನ್ನು ಶಪಿಸಿ, ಮತ್ತೆ ಎಳೆದ. ಆಗ ಇನ್ನೊಂದು ಟಿಕ್. ಅದು ಕಿವಿಗೆ ಕೇಳಿಸಲಿಲ್ಲ, ಬಂಡೆಗೆ ಒತ್ತಿದ ಪಾದಕ್ಕೆ ತಿಳಿಯಿತು. ಕಾಲು ಬೂಟನ್ನು ಅಲ್ಲೇ ಬಿಟ್ಟು ಕರು ಹುಟ್ಟುವ ಹಾಗೆ ಜಾರಿ ಹೊರಗೆ ಬಂತು.

ಅವನನ್ನು ಮೇಲೆ ಹೊತ್ತುತಂದು ಕವುಚಿ ಮಲಗಿಸಿ ಬೆನ್ನು ಗುದ್ದಿದರು. ಮೊದಲು ನೀರು ಬಂತು, ಆಮೇಲೆ ವೈನು, ಆಮೇಲೆ ಉಸಿರು.

"ಒಂದೇ ಕಾಲು ಊರ್ಕೊಂಡು?" ಎಂದ ಫಿಂಟನ್, ಕಣ್ಣು ತೆರೆಯದೆ.

ಮಲಕಿಗೆ ಮುಂದಿನ ಕತೆ ನೆನಪಾಗಲಿಲ್ಲ. ಕೆಸರಲ್ಲಿ ಕೂತು ಅತ್ತ.

ಸಂಜೆ ಬಂದ ಡಾಕ್ಟರು ಕಾಲಿನ ಎರಡು ಬೆರಳು ತೆಗೆದು, ಉಳಿದದ್ದನ್ನು ಹಲಗೆ ಕಟ್ಟಿ ನೇರ ಮಾಡಿದರು. ಹಲಗೆ ಎಂದರೆ ಟ್ಯೂನಿಸಜ್ಜನ ಪೆಟ್ಟಿಗೆಯ ಮರದಲ್ಲಿ ಉಳಿದಿದ್ದ ಎರಡು ಪಟ್ಟಿ. ಫಿಂಟನ್ ಬದುಕಿದ, ಕುಂಟುತ್ತಾ. ಮತ್ತೆ ಕ್ವಾರಿಗೆ ಇಳಿಯಲಿಲ್ಲ, ಕುಲುಮೆಯ ಮುಂದೆ ಕೂತು ಉಳಿ ಹದಮಾಡುವ ಕೆಲಸ ಹಿಡಿದ. ಮೇಲ್ಬಂಡೆಯನ್ನು ಯಾರೂ ಮುಟ್ಟಲಿಲ್ಲ. ಅದರಡಿ ಚೆರ್ರಿ ಹಲಗೆಗಳೂ ಒಂದು ಬೂಟೂ ಇವತ್ತಿಗೂ ಇವೆ.

ಮಲಕಿ ಆ ಬೇಸಿಗೆಯೆಲ್ಲ ಒಂದು ಚಪ್ಪಡಿಯನ್ನೂ ತೆಗೆಯಲಿಲ್ಲ. ಗುಡ್ಡೆಯನ್ನು ಎರಡೂ ಬದಿಯಿಂದ ಸಮವಾಗಿ ಬಿಚ್ಚಿ, ಕೈಗಾಡಿಯಲ್ಲಿ ತುಂಬಿ, ಹಳ್ಳದವರೆಗೆ ತಳ್ಳಿ ಸುರಿದು ಬಂದ. ಟ್ಯೂನಿಸಜ್ಜ ಒಂದು ಮುಕ್ಕಾಲಿ ತಂದು ಹಾಕಿಕೊಂಡು ಕೂತು ನೋಡುತ್ತಿದ್ದ.

"ಬೇಗ ಬೇಗ ಮಾಡೋ. ನನಗೇನು ವಯಸ್ಸು ಕಮ್ಮಿ ಆಗ್ತಾ ಇದೆಯಾ? ಪೆಟ್ಟಿಗೆ ಬೇರೆ ಇಲ್ಲ."

ಪೆಟ್ಟಿಗೆಗೂ ಮಲಕಿಯೇ ಹೊಣೆ. ಕತ್ರೀನಾಳ ಸಮಾಧಿಯ ಹಿಂದೆ, ಆ ಹಳೆಯ ಚೆರ್ರಿಯ ಹಣ್ಣನ್ನು ಹಕ್ಕಿಗಳು ತಿಂದು ಹಾಕಿದ ಬೀಜದಿಂದ ಎದ್ದ ಒಂದು ಮರವಿತ್ತು. ಹಳೆಯ ಮರದ ಮಗಳೇ ಎಂದು ಮಲಕಿ ಸಾಧಿಸಿದ, ಇದೊಂದನ್ನು ಮುದುಕ ಸೋಸದೆ ನಂಬಿದ. ಅದನ್ನು ಕಡಿದು ಕೊಯ್ದು, ಹಲಗೆಗಳನ್ನು ಮಲಕಿ ಅಣ್ಣತಮ್ಮಂದಿರಿಬ್ಬರೂ ಇರುವ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟ.

ಭಾನುವಾರ ಭಾನುವಾರ ಟ್ಯೂನಿಸಜ್ಜ ಬರುತ್ತಾನೆ. ಕೋಲಿನಿಂದ ಮೇಲಿನ ಹಲಗೆಗೆ ಒಂದು ಏಟು ತಟ್ಟಿ, ಕಿವಿಗೊಟ್ಟು ಕೇಳುತ್ತಾನೆ.

"ಏನಂತೆ ಅಜ್ಜ?" ಎಂದು ನೋರಾ ಮಜ್ಜಿಗೆ ಕೊಡುತ್ತಾ ಕೇಳುತ್ತಾಳೆ.

"ಇನ್ನೂ ಹಸಿ" ಎನ್ನುತ್ತಾನೆ, ಬೇಸರ ಮಾಡಿಕೊಂಡವನ ಹಾಗೆ. ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು, ಬಂದದ್ದಕ್ಕಿಂತ ಚುರುಕಾಗಿ ಮನೆಗೆ ನಡೆಯುತ್ತಾನೆ.